ಗುಹೆಯ ಮೇಲ್ದವಡೆ

ಜನವರಿ 9

ಅಪ್ಪನಿಗೆ,

ಎರಡು ವರ್ಷ ಕಾಗದ ಬರೆಯದವಳು ಇದ್ದಕ್ಕಿದ್ದಂತೆ ಬರೆದಿದ್ದಾಳೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದುಕೊಳ್ಳುತ್ತೀರಿ. ನಿಜ. ಕೆಲಸವೇ.

ನಮ್ಮ ವಸ್ತುಸಂಗ್ರಹಾಲಯದವರು ನನ್ನನ್ನು ಒಂದು ಸುಣ್ಣಕಲ್ಲಿನ ಗುಹೆಗೆ ಕಳಿಸಿದ್ದಾರೆ. ಬೆಟ್ಟದ ಬುಡದಲ್ಲಿ ನಾಲ್ಕು ಡೇರೆ, ಒಂದು ಜನರೇಟರ್, ಐದು ಜನ. ಫೋನ್ ಸಿಗುವುದಿಲ್ಲ. ಸೋಮವಾರ ಜೀಪು ಪೇಟೆಗೆ ಹೋಗಿ ಅಂಚೆ, ತರಕಾರಿ, ಡೀಸೆಲ್ ತರುತ್ತದೆ. ಗುಹೆಯ ಒಳಕೋಣೆಯ ಚಾವಣಿಯ ತುಂಬ ಸಮುದ್ರದ ಚಿಪ್ಪುಗಳಿವೆ. ಎಲ್ಲವೂ ಕಲ್ಲಾಗಿವೆ. ಸುತ್ತಲಿನ ಕಲ್ಲು ನೀರಿಗೆ ಕರಗಿ, ಚಿಪ್ಪುಗಳು ಮಾತ್ರ ಕರಗದೆ ಹೊರಚಾಚಿಕೊಂಡಿವೆ. ಬೀಸಣಿಗೆಯಂಥವು, ಸಿಂಪಿಗಳು, ಉದ್ದ ಸುರುಳಿ ಶಂಖಗಳು. ಎದ್ದು ಕೂತರೆ ತಲೆಗೆ ತಾಗುವಷ್ಟು ತಗ್ಗು. ಅಂಗಾತ ಮಲಗಿಯೇ ಕೆಲಸ.

ಕೆಳಗಿನ ಕಣಿವೆಯಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದಾರೆ. ಮಳೆ ಹಿಡಿದ ಮೇಲೆ ನೀರು ನಿಲ್ಲಿಸುತ್ತಾರೆ, ಒಳಕೋಣೆ ಮುಳುಗುತ್ತದೆ. ಚಾವಣಿಯನ್ನು ಕೊರೆದು ತೆಗೆಯೋಣವೆಂದರೆ ಬಿರುಕು ಬಿಟ್ಟಿದೆ, ಮೈಮೇಲೆ ಬೀಳುತ್ತದೆ. ಹಾಗಾಗಿ ಅಷ್ಟನ್ನೂ ಅಚ್ಚು ತೆಗೆದಿಟ್ಟುಕೊಳ್ಳಬೇಕು. ನೆಲದ ಮೇಲಿನ ಅಚ್ಚು ನಾನು ಬೇಕಾದಷ್ಟು ತೆಗೆದಿದ್ದೇನೆ, ತಲೆಯ ಮೇಲಿನದು ತೆಗೆದಿಲ್ಲ. ದ್ರವ ರಬ್ಬರ್ ಬಳಿದರೆ ನೇರ ಮುಖಕ್ಕೇ ಸುರಿಯುತ್ತದೆ. ಮೊನ್ನೆ ಹುಬ್ಬಿಗೆ ಅಂಟಿಕೊಂಡದ್ದನ್ನು ಕಿತ್ತಾಗ ಅರ್ಧ ಹುಬ್ಬೂ ಅದರ ಜೊತೆಗೆ ಹೋಯಿತು.

ಹಲ್ಲಿನ ಸೆಟ್ಟು ಕಟ್ಟಲು ನೀವು ಜನರ ಮೇಲ್ದವಡೆಯ ಅಚ್ಚು ತೆಗೆಯುವುದನ್ನು ಚಿಕ್ಕವಳಿದ್ದಾಗ ನೋಡುತ್ತಿದ್ದೆ. ಅದು ಅವರ ಗಂಟಲಿಗೆ ಇಳಿಯದ ಹಾಗೆ ಏನು ಮಾಡುತ್ತಿದ್ದಿರಿ? ಅಷ್ಟು ತಿಳಿಸಿದರೆ ಸಾಕು.

ನಾನು ಚೆನ್ನಾಗಿದ್ದೇನೆ.

ಮಗಳು


ಜನವರಿ 18

ಗುಬ್ಬಿಗೆ,

ಮೊದಲು ಕೆಲಸದ ಮಾತು, ಯಾಕೆಂದರೆ ನೀನು ಕೇಳಿರುವುದು ಅಷ್ಟನ್ನೇ.

ದ್ರವದ ಸಹವಾಸ ಬಿಡು. ಮೇಲ್ದವಡೆಗೆ ನಾವು ಬಳಸುವುದು ನೀರಿನಲ್ಲಿ ಕಲಸುವ, ಗುಲಾಬಿ ಬಣ್ಣದ ಅಚ್ಚಿನ ಪುಡಿ. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ನೀರು ಸ್ವಲ್ಪ ಕಡಿಮೆ ಹಾಕು. ಚಮಚ ತಲೆಕೆಳಗು ಮಾಡಿದರೂ ಬೀಳಬಾರದು, ಅದು ಹದ. ತೂತುಗಳಿರುವ ಟ್ರೇಗೆ ತುಂಬಿ ಮೇಲಕ್ಕೆ ಒತ್ತು. ಪುಡಿ ತೂತುಗಳಲ್ಲಿ ಕಚ್ಚಿಕೊಳ್ಳುತ್ತದೆ, ಟ್ರೇ ಬಿಟ್ಟು ಬರುವುದಿಲ್ಲ. ಪೇಷಂಟಿಗೆ ತಲೆ ಮುಂದಕ್ಕೆ ಬಾಗಿಸಿ ಮೂಗಿನಲ್ಲಿ ಉಸಿರಾಡಿ ಎನ್ನುತ್ತೇವೆ. ನಿನ್ನ ಗುಹೆಗೆ ಹಾಗೆ ಹೇಳಲು ಬರುವುದಿಲ್ಲ. ಒಂದು ಲೆಕ್ಕಕ್ಕೆ ಅದೇ ವಾಸಿ, ಓಕರಿಸುವುದಿಲ್ಲ.

ಇನ್ನು ನನ್ನದೊಂದು ಪ್ರಶ್ನೆ. ಸಮುದ್ರ ಅಲ್ಲಿಂದ ಒಂದು ಹಗಲು ಒಂದು ರಾತ್ರಿಯ ದಾರಿ. ಅದು ಬೆಟ್ಟ ಹತ್ತಿದ್ದು ಹೇಗೆ?

ಇಲ್ಲಿ ಎಲ್ಲ ಕ್ಷೇಮ. ಹುಬ್ಬಿನ ಸುದ್ದಿ ಓದಿ ಮನೆಯಲ್ಲಿ ನಕ್ಕರು. ಎಣ್ಣೆ ಹಚ್ಚಿದರೆ ಬೇಗ ಬೆಳೆಯುತ್ತದಂತೆ. ಇದು ನನ್ನ ಸಲಹೆಯಲ್ಲ, ಮನೆಯವರದು.

ಅಪ್ಪ


ಫೆಬ್ರವರಿ 2

ಅಪ್ಪನಿಗೆ,

ಗುಲಾಬಿ ಪುಡಿ ಕೆಳಗೆ ಬೀಳಲಿಲ್ಲ, ಅಷ್ಟರಮಟ್ಟಿಗೆ ಗೆದ್ದೆವು. ಆದರೆ ತೆಗೆಯುವಾಗ ಹರಿದುಹೋಯಿತು. ಚಿಪ್ಪುಗಳ ಹೊಟ್ಟೆ ನಮ್ಮ ಕಡೆಗಿದೆ, ಬಟ್ಟಲು ಬೋರಲು ಹಾಕಿದ ಹಾಗೆ. ಅಂಚುಗಳು ಒಳಕ್ಕೆ ಬಾಗಿವೆ. ಪುಡಿ ಆ ಅಂಚುಗಳ ಹಿಂದೆ ಹೋಗಿ ಕೂತುಬಿಡುತ್ತದೆ, ಎಳೆದರೆ ತುಂಡು. ಹರಿಯದೆ ಬಂದ ಒಂದೇ ಒಂದು ಅಚ್ಚನ್ನು ತೆವಳಿಕೊಂಡು ಹೊರಗೆ ತಂದು ಪ್ಲಾಸ್ಟರ್ ಹಾಕುವಷ್ಟರಲ್ಲಿ ಒಣಗಿ ಸುಕ್ಕಾಯಿತು.

ಸಮುದ್ರ ಬೆಟ್ಟ ಹತ್ತಲಿಲ್ಲ ಅಪ್ಪ, ನೆಲವೇ ಎದ್ದಿತು. ಇಲ್ಲಿ ಮೊದಲು ಬೆಚ್ಚಗಿನ, ಆಳವಿಲ್ಲದ ಸಮುದ್ರವಿತ್ತು. ಚಿಪ್ಪುಗಳ ಪುಡಿ ಪದರ ಪದರವಾಗಿ ತಳದಲ್ಲಿ ಕೂತು ಕಲ್ಲಾಯಿತು. ಆಮೇಲೆ ಭೂಮಿ ಒಳಗಿನಿಂದ ಒತ್ತಿಕೊಂಡು ಆ ತಳವನ್ನು ಇಷ್ಟು ಎತ್ತರಕ್ಕೆ ತಂದಿತು. ಮಳೆಯ ನೀರು ಇಳಿದು ಇಳಿದು ಕಲ್ಲಿನೊಳಗೆ ಕೋಣೆ ಕೊರೆಯಿತು. ಅಂದರೆ ಇಲ್ಲಿ ಮಲಗಿ ಮೇಲೆ ನೋಡುವಾಗ ನಾವು ಸಮುದ್ರದ ತಳವನ್ನು ಅದರ ಕೆಳಗಿನಿಂದ ನೋಡುತ್ತಿರುತ್ತೇವೆ. ಮೊದಲ ವಾರ ನನಗೆ ತಲೆ ತಿರುಗುತ್ತಿತ್ತು. ಈಗ ರೂಢಿಯಾಗಿದೆ.

ಬೇರೆ ಉಪಾಯವಿದ್ದರೆ ಬರೆಯಿರಿ. ನಮ್ಮ ಮುಖ್ಯಸ್ಥರಿಗೂ ತೋಚುತ್ತಿಲ್ಲ.

ಮಗಳು


ಫೆಬ್ರವರಿ 13

ಗುಬ್ಬಿಗೆ,

ಅಂಚು ಒಳಕ್ಕೆ ಬಾಗಿದೆ ಎಂದು ಮೊದಲೇ ಹೇಳಿದ್ದರೆ ಗುಲಾಬಿ ಪುಡಿಯ ಮಾತೇ ಎತ್ತುತ್ತಿರಲಿಲ್ಲ. ವೈದ್ಯರ ಹತ್ತಿರ ಹೊಟ್ಟೆನೋವು ಎಂದಷ್ಟೇ ಹೇಳಿ ಮಾವಿನಕಾಯಿ ತಿಂದದ್ದನ್ನು ಮುಚ್ಚಿಟ್ಟ ಹಾಗಾಯಿತು.

ನಿನಗೆ ಬೇಕಾದದ್ದು ಎರಡು ಡಬ್ಬಿಯ ರಬ್ಬರ್ ಹಿಟ್ಟು, ಒಂದು ಬಿಳಿ, ಒಂದು ನೀಲಿ. ಸಮಸಮ ತೆಗೆದುಕೊಂಡು ಬಣ್ಣ ಒಂದಾಗುವವರೆಗೆ ನಾದು. ಹಲ್ಲಿಗೆ ಕ್ರೌನು ತೊಡಿಸುವ ಡಾಕ್ಟರುಗಳು ಇದನ್ನೇ ಬಳಸುತ್ತಾರೆ. ಎಳೆದರೆ ಬಾಗುತ್ತದೆ, ಹರಿಯುವುದಿಲ್ಲ, ತಿಂಗಳು ಕಳೆದರೂ ಸುಕ್ಕಾಗುವುದಿಲ್ಲ. ಮೊದಲು ಅದೇ ಜಾತಿಯ ತೆಳುವಾದದ್ದನ್ನು ಬ್ರಷ್‌ನಲ್ಲಿ ಚಿಪ್ಪಿನ ಸಂದುಗೊಂದಿಗೆಲ್ಲ ತುಂಬು. ಅದು ಹಸಿಯಾಗಿರುವಾಗಲೇ ಹಿಟ್ಟು ಹರಡಿದ ಟ್ರೇಯನ್ನು ಮೇಲೆ ಒತ್ತು. ಆಮೇಲೆ ಅಲುಗಬೇಡ. ಅಚ್ಚು ಕೆಡುವುದು ಒತ್ತುವಾಗ ಅಲ್ಲ, ಹಿಡಿದುಕೊಂಡಿರುವಾಗ.

ನೆಲವೇ ಎದ್ದಿತು ಎಂದು ಬರೆದಿದ್ದನ್ನು ಮನೆಯಲ್ಲಿ ಎರಡು ಸಲ ಓದಿಸಿಕೊಂಡರು.

ಅಕ್ಷರ ಸೊಟ್ಟಗಿದ್ದರೆ ಅದು ಪೆನ್ನಿನ ತಪ್ಪು.

ಅಪ್ಪ


ಮಾರ್ಚ್ 3

ಅಪ್ಪನಿಗೆ,

ಹಿಟ್ಟು ಗಟ್ಟಿಯಾಗುತ್ತಿಲ್ಲ. ಸಂಜೆಯವರೆಗೆ ಕಾದರೂ ಅಗಿದುಬಿಟ್ಟ ಚೂಯಿಂಗ್ ಗಮ್ಮಿನ ಹಾಗೆಯೇ ಇರುತ್ತದೆ. ಮುಖ್ಯಸ್ಥರು ಗುಹೆಯ ಥಂಡಿಗೆ ಹೀಗಾಗುತ್ತಿದೆ ಎಂದರು. ಡಬ್ಬಿಗಳನ್ನು ಬೆಚ್ಚಗಿನ ನೀರಿನಲ್ಲಿಟ್ಟು ನೋಡಿದೆವು. ಆಮೇಲೆ ಮಾಲು ಹಳೆಯದು ಎಂದರು. ಹೊಸದು ತರಿಸಿದೆವು, ಅದೂ ಅಷ್ಟೇ. ಚಾವಣಿಗೆ ಅಂಟಿದ್ದನ್ನು ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ಚಿಪ್ಪಿನಿಂದ ಬಿಡಿಸುತ್ತ ಕೂತಿದ್ದೇನೆ. ಕೂತಿದ್ದೇನೆ ಅಲ್ಲ, ಮಲಗಿದ್ದೇನೆ.

ಇದು ಇನ್ನೊಂದು ವಾರದಲ್ಲಿ ಸರಿಹೋಗದಿದ್ದರೆ ಬರೀ ಫೋಟೊ ತೆಗೆದುಕೊಂಡು ವಾಪಸ್ಸು ಹೋಗೋಣ ಎಂದಿದ್ದಾರೆ ಮುಖ್ಯಸ್ಥರು. ಫೋಟೊದಲ್ಲಿ ಅಂಚಿನ ಹಿಂದೆ ಏನಿದೆ ಕಾಣುವುದಿಲ್ಲ.

ನಿಮ್ಮ ಅಕ್ಷರ ಹಾಗಾಗುವುದಕ್ಕೆ ಎಂಥ ಪೆನ್ನು ಅದು?

ಮಗಳು


ಮಾರ್ಚ್ 11

ಗುಬ್ಬಿಗೆ,

ಹೇಳುತ್ತಿರುವವನು ನಾನು, ಬರೆಯುತ್ತಿರುವವರು ಮನೆಯವರು. ಕನ್ನಡಕ ರಿಪೇರಿಗೆ ಕೊಟ್ಟಿದ್ದೇನೆ, ಅದಕ್ಕೆ.

ನಿನ್ನ ಕಾಗದ ಮೂರು ಸಲ ಓದಿಸಿಕೊಂಡೆ. ಥಂಡಿಗೆ ಹಿಟ್ಟು ನಿಧಾನವಾಗುತ್ತದೆ, ಆದರೆ ಆಗದೇ ಇರುವುದಿಲ್ಲ. ನನಗೂ ತಲೆ ಓಡಲಿಲ್ಲ. ಆಗ ಇವಳು ಅಡುಗೆಮನೆಯಿಂದ ಕೇಳಿದಳು:

“ರಬ್ಬರ್ ಗ್ಲೌಸ್ ಹಾಕ್ಕೊಂಡು ನಾದ್ತಿದ್ದಾಳಾ?”

“ಹಾಕ್ಕೊಂಡೇ ಇರ್ತಾಳೆ. ಓದಿದವಳು, ಶುಚಿಯಾಗೇ ಮಾಡ್ತಾಳೆ.”

“ಹಾಗಾದ್ರೆ ಆದ ಹಾಗೇ. ಆ ಗ್ಲೌಸ್ ತಾಗಿದ್ರೆ ಅದು ಪ್ರಳಯ ಆದ್ರೂ ಗಟ್ಟಿಯಾಗಲ್ಲ.”

ನಾನು ಸೆಟ್ಟು ಕಟ್ಟಿಕೊಡುತ್ತಿದ್ದ ಹಲ್ಲಿನ ಡಾಕ್ಟರ ಕೌಂಟರಿನಲ್ಲಿ ಕೆಲಸಕ್ಕಿದ್ದಾಗ ಇವಳಿಗೆ ಹಿಟ್ಟು ನಾದುವ ಕೆಲಸವೂ ಇತ್ತು. ಒಂದು ಸಲ ಒಂದು ವಾರವಿಡೀ ಹೀಗೇ ಆಗಿ, ಪೇಷಂಟುಗಳು ಬಾಯಿ ತೆರೆದುಕೊಂಡು ಕೂತೇ ಇದ್ದರಂತೆ. ಡಾಕ್ಟರು ಅಂಗಡಿಯವನ ಮೇಲೆ ಎಗರಾಡಿದರಂತೆ. ಶನಿವಾರ ಗ್ಲೌಸ್ ಮುಗಿದು, ಇವಳು ಕೈ ತೊಳೆದುಕೊಂಡು ಬರಿಗೈಯಲ್ಲೇ ನಾದಿದಾಗ ಹಿಟ್ಟು ಕಲ್ಲಾಯಿತಂತೆ. ರಬ್ಬರಿನಲ್ಲಿ ಗಂಧಕವಿರುತ್ತದೆ, ಅದು ಇದಕ್ಕೆ ಆಗದು ಎಂದು ಡಾಕ್ಟರಿಗೆ ಆಮೇಲೆ ನೆನಪಾಯಿತಂತೆ. ಇಷ್ಟು ವರ್ಷದಲ್ಲಿ ಇವಳು ಇದನ್ನು ನನಗೆ ಹೇಳಿರಲಿಲ್ಲ. ಕೇಳಿದರೆ, ನೀವು ಕೇಳಲಿಲ್ಲವಲ್ಲ ಎನ್ನುತ್ತಾಳೆ.

ಕೈ ಚೆನ್ನಾಗಿ ಸೋಪು ಹಾಕಿ ತೊಳೆದು ಬರಿಗೈಯಲ್ಲಿ ನಾದಿ ನೋಡು.

ಅಪ್ಪ

(ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಎಗರಾಡಿದರು ಎಂಬುದು ಮಾತ್ರ ಅವರದು. ಡಾಕ್ಟರು ಅಷ್ಟೇನೂ ಎಗರಾಡಲಿಲ್ಲ.)


ಮಾರ್ಚ್ 12

ಮಗುವಿಗೆ,

ಗುಬ್ಬಿ ಎಂದು ಬರೆಯಲು ಕೈ ಬರಲಿಲ್ಲ. ಅದು ನಿಮ್ಮ ಮನೆಯ ಹೆಸರು.

ನಿನ್ನೆಯ ಕಾಗದದಲ್ಲಿ ಕನ್ನಡಕ ರಿಪೇರಿಗೆ ಹೋಗಿದೆ ಎಂದು ನಾನೇ ಬರೆದೆ. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಕಾರಣ ಕೈ. ಹೋದ ಮಳೆಗಾಲದಿಂದ ಬಲಗೈ ನಡುಗುತ್ತದೆ. ನರದ ಡಾಕ್ಟರಿಗೆ ತೋರಿಸಿದ್ದೇವೆ. ಮಾತ್ರೆ ಕೊಟ್ಟಿದ್ದಾರೆ, ಇದು ನಿಧಾನವಾಗಿ ಹೆಚ್ಚಾಗುವ ಕಾಯಿಲೆ, ನಿಲ್ಲುವುದಲ್ಲ ಎಂದಿದ್ದಾರೆ. ಮೇಣದಲ್ಲಿ ಹಲ್ಲು ಕೂರಿಸುವುದು ಆಗುತ್ತಿಲ್ಲ. ಮಾಡಿಕೊಟ್ಟ ಹಲ್ಲಿನ ಸೆಟ್ಟುಗಳು ವಾಪಸ್ಸು ಬರತೊಡಗಿದವು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಾಳೆಯಿಲ್ಲ ಅಂತ. ಈಗ ಹಲ್ಲಿನ ಡಾಕ್ಟರುಗಳು ಕೆಲಸ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಬಾಯಿ ಬಿಟ್ಟು ಯಾರೂ ಏನೂ ಅಂದಿಲ್ಲ. ಇವರೂ ಅಂದಿಲ್ಲ. ಬೆಳಿಗ್ಗೆ ಎದ್ದು, ಕೆಲಸ ಮಾಡುತ್ತಿದ್ದ ಹಿಂದಿನ ಕೋಣೆಗೆ ಹೋಗಿ ದೀಪ ಹಾಕಿಕೊಂಡು ಕೂರುತ್ತಾರೆ. ಮಧ್ಯಾಹ್ನ ದೀಪ ಆರಿಸಿ ಊಟಕ್ಕೆ ಬರುತ್ತಾರೆ.

ನಿನ್ನ ಕಾಗದ ಬಂದ ದಿನ ಮಾತ್ರ ಹಾಗಲ್ಲ. ಆ ದಿನ ಪ್ಲಾಸ್ಟರಿನ ದವಡೆಯೊಂದನ್ನು ಮೇಜಿನಡಿಗೆ ತಲೆಕೆಳಗಾಗಿ ಕಟ್ಟಿ, ನೆಲದ ಮೇಲೆ ಮಲಗಿ, ಕೆಳಗಿನಿಂದ ಅಚ್ಚು ತೆಗೆದು ನೋಡಿದರು. ಮಲಗಿದವರನ್ನು ಎಬ್ಬಿಸುವುದಕ್ಕೆ ನಾನು ಹೋಗಬೇಕಾಯಿತು.

ಸಾಧ್ಯವಾದರೆ ಅವರನ್ನು ಒಂದು ಸಲ ಅಲ್ಲಿಗೆ ಕರೆಸಿಕೋ. ನೋಡಬೇಕು ಅನಿಸಿದೆ ಅಂತ ಬರೆಯಬೇಡ, ಅನುಮಾನ ಬರುತ್ತದೆ. ಕೆಲಸವಿದೆ ಅಂತ ಬರೆ. ನಾನು ಬರೆದದ್ದು ಅವರಿಗೆ ತಿಳಿಯುವುದು ಬೇಡ. ನನ್ನನ್ನೂ ಕರೆಯಬೇಕೆಂದಿಲ್ಲ. ಬಸ್ಸು ಹತ್ತಿಸಿ ಕಳಿಸುತ್ತೇನೆ, ಆ ಕಡೆ ಯಾರಾದರೂ ಇಳಿಸಿಕೊಂಡರೆ ಸಾಕು.

ನಿನ್ನ ಅಪ್ಪನ ಹೆಂಡತಿ


ಮಾರ್ಚ್ 24

ಅಪ್ಪನಿಗೆ,

ಗಟ್ಟಿಯಾಯಿತು. ಬರಿಗೈಯಲ್ಲಿ ನಾದಿ, ಟ್ರೇ ಒತ್ತಿ, ಹತ್ತು ನಿಮಿಷ ಹಿಡಿದುಕೊಂಡಿದ್ದೆವು. ಬಿಡಿಸುವಾಗ ಪಟ್ಟೆಂದು ಒಂದು ಸದ್ದು ಬಂತು. ಚಾವಣಿಯೇ ಹೋಯಿತು ಎಂದು ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡರು. ಏನೂ ಆಗಿರಲಿಲ್ಲ. ಬೀಸಣಿಗೆ ಚಿಪ್ಪಿನ ಒಳಗೆರೆಗಳು ಒಂದೂ ತಪ್ಪದೆ ಬಂದಿವೆ. ಒಂದು ಸಿಂಪಿಯ ಅಂಚಿನ ಹಿಂದೆ ಸಾಸಿವೆ ಗಾತ್ರದ ಶಂಖವೊಂದು ಕೂತಿತ್ತು. ಅದು ಅಲ್ಲಿದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಈಗ ಕಷ್ಟ ಬೇರೆ ಥರದ್ದು. ಇಬ್ಬರು ವಿದ್ಯಾರ್ಥಿಗಳು ಪರೀಕ್ಷೆಯೆಂದು ಹೋದರು. ಉಳಿದ ನಮ್ಮ ಮೂವರಲ್ಲಿ ಹಿಟ್ಟಿನ ಹದ ನೋಡುವವರಿಲ್ಲ, ಚಾವಣಿಯ ಉಬ್ಬುತಗ್ಗಿಗೆ ಸರಿಯಾಗಿ ಟ್ರೇ ಬಗ್ಗಿಸುವುದು ಯಾರಿಗೂ ಗೊತ್ತಿಲ್ಲ. ಇನ್ನೂ ಮುಕ್ಕಾಲು ಚಾವಣಿ ಬಾಕಿಯಿದೆ. ನೀವು ಬನ್ನಿ. ಡೇರೆಯಲ್ಲಿ ಹಾಸಿಗೆ ಇದೆ. ಸೋಮವಾರದ ಜೀಪಿಗೆ ಹೇಳಿರುತ್ತೇನೆ.

ಮಗಳು


ಏಪ್ರಿಲ್ 1

ಗುಬ್ಬಿಗೆ,

ಈ ಮನುಷ್ಯನನ್ನು ಏಪ್ರಿಲ್ ಒಂದನೇ ತಾರೀಕು ಯಾರೂ ನಂಬಬೇಡಿ ಎಂದು ಬರೆಯುತ್ತಿರುವವರು ಹೇಳುತ್ತಿದ್ದಾರೆ. ಆದರೂ ಹೇಳುತ್ತೇನೆ, ಬರುತ್ತೇನೆ.

ಒಂದು ಸಂದೇಹವಿದೆ. ನೀವು ಬನ್ನಿ ಎಂದು ಬರೆದಿದ್ದೀಯ. ನಮ್ಮ ಭಾಷೆಯಲ್ಲಿ ನೀವು ಎಂದರೆ ಒಬ್ಬರೂ ಆಗಬಹುದು, ಇಬ್ಬರೂ ಆಗಬಹುದು. ಮರ್ಯಾದೆಯೋ, ಬಹುವಚನವೋ? ಟಿಕೆಟ್ ಕೊಡುವವನು ವ್ಯಾಕರಣ ಕೇಳುವುದಿಲ್ಲ, ಎಷ್ಟು ಸೀಟು ಎಂದು ಕೇಳುತ್ತಾನೆ.

ಇಲ್ಲಿಗೆ ಬಂದಾಗ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು ಒಳಗೆ ಹೋದರು. ಕೊನೆಯ ಈ ಸಾಲು ನಾನೇ ಬರೆದದ್ದು. ಓದಲು ಬಂದರೆ ಸರಿ.

ಅಪ್ಪ


ಏಪ್ರಿಲ್ 8

ಅಪ್ಪನಿಗೆ,

ಇಬ್ಬರು.

ಬೆಚ್ಚಗಿನ ಬಟ್ಟೆ ತನ್ನಿ, ಒಳಗೆ ಥಂಡಿ. ಆಂಟಿಗೆ ಸೀರೆಯಲ್ಲಿ ತೆವಳಲು ಆಗುವುದಿಲ್ಲ, ನನ್ನ ಪ್ಯಾಂಟು ಕೊಡುತ್ತೇನೆ.

ಮಗಳು


ಮೇ 20

ಗುಬ್ಬಿಗೆ,

ಇದನ್ನು ಪೂರ್ತಿ ನಾನೇ ಬರೆಯುತ್ತಿದ್ದೇನೆ. ಅಕ್ಷರ ಒಂದೊಂದೂ ಒಂದೊಂದು ಸಿಂಪಿಯಷ್ಟು ದಪ್ಪ ಆಗುತ್ತಿದೆ. ಬೆಳಿಗ್ಗೆ ಶುರು ಮಾಡಿದ್ದು, ಇನ್ನೂ ಮುಗಿದಿಲ್ಲ. ಇವಳು ಪೇಟೆಗೆ ಹೋಗಿದ್ದಾಳೆ.

ನಾವು ಸುಖವಾಗಿ ತಲುಪಿದೆವು. ಸೊಂಟ ಎರಡು ದಿನ ಹಿಡಿದುಕೊಂಡಿತ್ತು. ಒಳಕೋಣೆಗೆ ಹೋಗುವ ಆ ಕಿಂಡಿಯಲ್ಲಿ ಭುಜ ಸಿಕ್ಕಿಕೊಂಡಾಗ, ಇನ್ನು ಸಾವಿರಾರು ವರ್ಷ ಕಳೆದ ಮೇಲೆ ನನ್ನನ್ನೂ ಯಾರಾದರೂ ಅಚ್ಚು ತೆಗೆಯುತ್ತಾರೆ ಎಂದುಕೊಂಡೆ. ಕೊನೆಯ ದಿನ ಟಾರ್ಪಾಲಿನ ಮೇಲೆ ಮಲಗಿಸಿ ಒಳಗೆ ಎಳೆದಿರಲ್ಲ, ಅದಕ್ಕಿಂತ ಮೊದಲು ಮೂರು ವಾರ ನಾನು ಹೊರಗೋಣೆಯಲ್ಲಿ ಕೂತು ಟ್ರೇ ಬಗ್ಗಿಸಿದ್ದೂ, ಹಿಟ್ಟಿನ ಹದ ನೋಡಿದ್ದೂ ಎಲ್ಲಾ ಯಾವುದಕ್ಕೆ ಎಂದು ಆಗಲೇ ತಿಳಿದದ್ದು. ಅಷ್ಟು ಹಳೆಯ ಬಾಯಿಯಲ್ಲಿ ಅಷ್ಟು ಹಲ್ಲು ಉಳಿದದ್ದನ್ನು ನನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ.

ಕೈಯ ವಿಷಯ ನೀನು ಕೇಳಲಿಲ್ಲ. ಹದ ನೋಡಲು ಎಡಗೈ ಕೊಟ್ಟೆ, ನೀನು ನೋಡಿದೆ, ಹಿಟ್ಟನ್ನು ಆ ಕೈಗೇ ಇಟ್ಟೆ. ಹಾಗೆ ಮಾಡಿದ್ದು ಒಳ್ಳೆಯದಾಯಿತು.

ಇನ್ನೊಂದು ವಿಷಯ. ಒಳಕೋಣೆಯಲ್ಲಿ ನೀವಿಬ್ಬರೂ ಟ್ರೇ ಹಿಡಿದು ಮಲಗಿರುತ್ತಿದ್ದಿರಲ್ಲ, ಒಂದು ದಿನ ಮಾತು ಕೇಳಿಸುತ್ತಿತ್ತು, ಆಮೇಲೆ ನಿಂತುಹೋಯಿತು. ಹೊರಗೆ ಬಂದಾಗ ಇಬ್ಬರ ಮುಖವೂ ಸುಣ್ಣದ ನೀರಿನಲ್ಲಿ ನೆನೆದಿತ್ತು, ಏನೂ ಗೊತ್ತಾಗಲಿಲ್ಲ. ಏನು ಮಾತಾಡಿದಿರಿ? ಇವಳನ್ನು ಕೇಳಿದೆ. “ಹಲ್ಲಿನ ವಿಷಯ” ಎಂದಳು.

ಇಲ್ಲಿಗೆ ಕೈ ಸೋತಿತು.

ಅಪ್ಪ


ಮೇ 29

ಅಪ್ಪನಿಗೆ,

ಹಲ್ಲಿನ ವಿಷಯವೇ.

ನೀವು ಬಗ್ಗಿಸಿಕೊಟ್ಟ ಟ್ರೇಗಳಲ್ಲಿ ಈ ವಾರ ಇನ್ನೂ ಆರು ಅಚ್ಚು ತೆಗೆದೆವು. ಮೋಡ ಕಟ್ಟುತ್ತಿದೆ. ಎಡಬದಿಯ ಗೋಡೆಯ ಹತ್ತಿರದ ಭಾಗ ಬಹುಶಃ ಬಿಟ್ಟುಹೋಗುತ್ತದೆ. ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.

ಮಗಳು


ಜೂನ್ 16

ಆಂಟಿಗೆ,

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಡಿ.

ಮಳೆ ಈ ಸಲ ಬೇಗ ಬಂತು. ನೀರು ಏರಿದ್ದು ನಾವು ಅಂದುಕೊಂಡ ಹಾಗಲ್ಲ, ಹೊಳೆಯ ಥರ ನುಗ್ಗಿ ಬರಲಿಲ್ಲ. ಒಳಕೋಣೆಯ ನೆಲದ ಬಿರುಕುಗಳಿಂದ ಸದ್ದಿಲ್ಲದೆ ಮೇಲೆ ಬಂತು. ಬೆಳಿಗ್ಗೆ ಬೆನ್ನಿಗೆ ಒದ್ದೆ ತಾಗಿದಾಗ ಟಾರ್ಪಾಲು ಸೋರುತ್ತಿದೆ ಎಂದುಕೊಂಡೆ. ಮಧ್ಯಾಹ್ನ ಕಿವಿಯವರೆಗೆ ಬಂದಿತ್ತು. ಟ್ರೇಗಳನ್ನು ತಳ್ಳಿಕೊಂಡು ಹೊರಗೆ ಬಂದೆವು. ಮೂರರಲ್ಲಿ ಒಂದು ಪಾಲು ಚಾವಣಿ ಹಾಗೆಯೇ ಉಳಿಯಿತು. ಈಗ ಅದು ಮತ್ತೆ ನೀರಿನಡಿ ಇದೆ. ಮುಖ್ಯಸ್ಥರು ಕಿಂಡಿಯ ಬಾಯಿಯಲ್ಲಿ ನಿಂತು, ಕಾಫಿ ಕುಡಿಯೋಣ ನಡಿ ಎಂದರು.

ನಾನು ಈಗ ಕೆಲಸದ ಊರಿಗೆ ವಾಪಸ್ಸು ಬಂದಿದ್ದೇನೆ. ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಒಂದೊಂದೇ ಅಚ್ಚಿಗೆ ಪ್ಲಾಸ್ಟರ್ ಎರೆಯುತ್ತಿದ್ದೇನೆ.

ಅವತ್ತು ನಾವು ಹಿಡಿದ ದೊಡ್ಡ ಟ್ರೇ, ಕಪಾಟಿನ ಬಾಗಿಲಷ್ಟಿತ್ತಲ್ಲ, ಅದರದ್ದು ನಿನ್ನೆ ಎರೆದೆ. ಅದಕ್ಕೇ ಬರೆಯುತ್ತಿದ್ದೇನೆ. ಹತ್ತು ನಿಮಿಷ ಅಲುಗುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ, ಮುಖ ನೋಡುವ ಹಾಗೂ ಇಲ್ಲ ಎಂದೇ ನಾನು ಆಗ ಕೇಳಿದ್ದು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ದಿನಾ ಊಟದ ಡಬ್ಬಿ ತರುತ್ತಿದ್ದಿರಿ. ಯಾರಿಗೋಸ್ಕರ ತರುತ್ತಿದ್ದಿರಿ ಎಂದು ಕೇಳಿದೆ. ನಿಮ್ಮ ಮದುವೆಗೆ ನಾನು ಬರದೇ ಇದ್ದದ್ದು ಈ ಒಂದು ಪ್ರಶ್ನೆಗಾಗಿ. ಅಪ್ಪನನ್ನು ಕೇಳುವ ಧೈರ್ಯವಿರಲಿಲ್ಲ. ಕಾಗದ ಬರೆಯುವುದನ್ನು ನಿಲ್ಲಿಸುವುದು ಸುಲಭವಾಗಿತ್ತು.

ನೀವು ಸುಳ್ಳು ಹೇಳಬಹುದಿತ್ತು. “ಮೊದಮೊದಲು ನಿಮ್ಮಮ್ಮನಿಗೆ. ಆಮೇಲಾಮೇಲೆ ನಿಮ್ಮಪ್ಪನಿಗೆ” ಎಂದಿರಿ. “ನನ್ನ ಕಡೆಯಿಂದ ಇತ್ತು. ಅವರ ಕಡೆಯಿಂದ ಏನೂ ಇರ್ಲಿಲ್ಲ. ಡಬ್ಬಿ ತೊಳೆದು ವಾಪಸ್ ಕೊಡೋರು, ಥ್ಯಾಂಕ್ಸ್ ಅನ್ನೋರು, ಅಷ್ಟೇ. ಈಗ್ಲೂ ಅವರಿಗೆ ಗೊತ್ತಿಲ್ಲ. ಹೇಳ್ಬೇಡ.”

ಅಷ್ಟರವರೆಗೆ ನನ್ನ ಕೈ ಸ್ಥಿರವಾಗಿಯೇ ಇತ್ತು. ಅಮ್ಮನಿಗೆ ಗೊತ್ತಿತ್ತಾ ಎಂದು ಕೇಳಬಾರದಿತ್ತು, ಕೇಳಿದೆ.

“ಗೊತ್ತಿತ್ತು ಅನ್ಸುತ್ತೆ. ಒಂದಿನ ಡಬ್ಬಿಯಲ್ಲಿದ್ದಿದ್ದನ್ನ ಒಂದು ತುತ್ತು ಬಾಯಿಗಿಟ್ಟು ನೋಡಿ, ‘ಇವ್ರಿಗೆ ಉಪ್ಪು ಒಂಚೂರು ಕಮ್ಮಿ ಇರ್ಬೇಕು, ನೆನಪಿಟ್ಕೊಳ್ಳಿ’ ಅಂದ್ರು.”

ಆಗ ಅಲುಗಿತು. ನಿಮ್ಮ ಕೈಯಲ್ಲ, ನನ್ನದು. “ಹಿಡ್ಕೊ, ಇನ್ನೂ ಹಸಿ ಇದೆ” ಎಂದಿರಿ. ಹಿಡಿದುಕೊಂಡೆ.

ನನಗೆ ಕೋಪ ಬರಬೇಕಿತ್ತು. ಬಂತೋ ಇಲ್ಲವೋ ಅವತ್ತು ತಿಳಿಯಲಿಲ್ಲ, ಎರಡೂ ಕೈ ಮೇಲಿದ್ದವು. ಈಗ ಯೋಚಿಸಿದರೆ, ಅಪ್ಪನ ಮೇಲೆ ಇಷ್ಟು ದಿನ ಇಟ್ಟುಕೊಂಡಿದ್ದ ಅನುಮಾನಕ್ಕೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಅದು ಹೋಯಿತು. ನಿಮ್ಮ ಮೇಲೆ ಕೋಪವಿದೆಯೇ ಎಂದು ನೋಡಿಕೊಂಡೆ. ಸ್ವಲ್ಪ ಇದೆ. ಹೆಚ್ಚು ಕಷ್ಟವಾಗಿರುವುದು ಅಮ್ಮನ ಮಾತು. ಕೊನೆಯ ಆ ತಿಂಗಳುಗಳಲ್ಲಿ ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ತಾನು ಇನ್ನು ಉಳಿಯುವುದಿಲ್ಲ ಎಂಬಂಥ ಒಂದು ಮಾತನ್ನೂ ಅವಳು ನನ್ನ ಹತ್ತಿರ ಆಡಲಿಲ್ಲ. ಅದನ್ನು ನಿಮ್ಮ ಹತ್ತಿರ, ಉಪ್ಪಿನ ಲೆಕ್ಕದಲ್ಲಿ ಆಡಿಬಿಟ್ಟಳು.

ಅಪ್ಪ ನನ್ನನ್ನೂ ಕೇಳಿ ಬರೆದಿದ್ದರು. ಹಲ್ಲಿನ ವಿಷಯವೇ ಎಂದು ಬರೆದೆ.

ಇನ್ನು ಪ್ಲಾಸ್ಟರಿನ ಮಾತು. ಅಚ್ಚಿನ ಎಲ್ಲ ಕಡೆ ಚೆನ್ನಾಗಿ ಬಂದಿದೆ. ನನ್ನ ಕಡೆಯ ಮೂಲೆಯಲ್ಲಿರುವ ಬೀಸಣಿಗೆ ಚಿಪ್ಪಿಗೆ ಮಾತ್ರ ಎರಡೆರಡು ಅಂಚು ಮೂಡಿವೆ, ಒಂದರ ಪಕ್ಕ ಒಂದು. ಮತ್ತೆ ತೆಗೆಯೋಣವೆಂದರೆ ಅಸಲು ನೀರಿನೊಳಗಿದೆ. ಆ ಮೂಲೆ ಕತ್ತರಿಸಿ ಎಸೆದುಬಿಡು ಎನ್ನುತ್ತಾರೆ ಮುಖ್ಯಸ್ಥರು. ನಾನು ಎರಡು ದಿನ ಸಮಯ ಕೇಳಿದ್ದೇನೆ. ಕೆಟ್ಟ ಅಚ್ಚುಗಳನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಏನು ಮಾಡಲಿ?

ಗುಬ್ಬಿ


ಜೂನ್ 25

ಗುಬ್ಬಿಗೆ,

ಎರಡು ದಿನ ಸಮಯ ಎಂದು ಬರೆದಿದ್ದೀಯ, ನಿನ್ನ ಕಾಗದ ನನ್ನ ಕೈಗೆ ಬಂದದ್ದೇ ಆರು ದಿನಕ್ಕೆ. ಅಷ್ಟರಲ್ಲಿ ಕತ್ತರಿಸಿದ್ದರೆ ಇದನ್ನು ಓದಬೇಡ.

ನೀನು ಕೇಳಿದ್ದಕ್ಕೆ ನಿಜ ಹೇಳದೆ ಇರಲು ನನಗೂ ಆಗುತ್ತಿತ್ತು. ಕೌಂಟರಿನಲ್ಲಿ ಕೂತವರಿಗೆ ಸುಳ್ಳು ಕಷ್ಟವಲ್ಲ. ನೋಯುವುದಿಲ್ಲ ಅಂತ ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುತ್ತಿದ್ದೆ. ನಿನಗೆ ಹೇಳಲು ಮನಸ್ಸಾಗಲಿಲ್ಲ. ಸ್ವಲ್ಪ ಕೋಪವಿದೆ ಅಂತ ಬರೆದಿದ್ದೀಯ. ಇರಲಿ. ಇನ್ನೂ ಹೆಚ್ಚೇ ಇರುತ್ತದೆ ಎಂದುಕೊಂಡಿದ್ದೆ ನಾನು.

ನಿಮ್ಮಮ್ಮ ಉಪ್ಪಿನ ಮಾತು ಆಡಿದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಮಾರನೆಯ ದಿನ ಡಬ್ಬಿ ತರಲೇಬಾರದು ಅಂತ ಇದ್ದೆ. ಆದರೂ ತಂದೆ. ಉಪ್ಪು ಕಮ್ಮಿ ಹಾಕಿದ್ದೆ. ನಿಮ್ಮಮ್ಮ ಮುಚ್ಚಳ ತೆಗೆದು ರುಚಿ ನೋಡಿ, ಮುಚ್ಚಿ ನಿಮ್ಮಪ್ಪನಿಗೆ ಎತ್ತಿಟ್ಟರು. ಇದನ್ನು ಅವತ್ತು ಒಳಗೆ ಹೇಳಲಿಲ್ಲ, ನಿನ್ನ ಕೈ ಆಗಲೇ ಅಲುಗಿತ್ತು. ನಿನ್ನ ಹತ್ತಿರ ಯಾಕೆ ಆಡಲಿಲ್ಲ ಅಂತ ನನಗೆ ಗೊತ್ತಿಲ್ಲ. ನೀನು ಕೇಳಿಸಿಕೊಳ್ಳುತ್ತಿರಲಿಲ್ಲ ಅನಿಸುತ್ತದೆ. ನಾನು ಹೊರಗಿನವಳು, ನನ್ನ ಹತ್ತಿರ ಸುಲಭ.

ಇಲ್ಲಿನ ಸುದ್ದಿ. ನಿಮ್ಮಪ್ಪ ಹಿಂದಿನ ಕೋಣೆಯಲ್ಲಿ ನನಗೆ ಹಲ್ಲು ಕೂರಿಸುವುದನ್ನು ಕಲಿಸುತ್ತಿದ್ದಾರೆ. ಅವರು ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳುತ್ತಾರೆ, ನಾನು ಮಾಡುತ್ತೇನೆ. ಗುಹೆಯಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ ಅಂತ ಅವರಿಗೇ ಹೊಳೆದದ್ದು. ಬೈಗುಳಕ್ಕೇನೂ ಕಮ್ಮಿಯಿಲ್ಲ. ಮೊದಲ ಸೆಟ್ಟು ಹಾಕಿಕೊಂಡ ಮುದುಕಪ್ಪ ಕನ್ನಡಿ ನೋಡಿ, “ಇದು ನನ್ನ ತಮ್ಮನ ನಗು” ಅಂದರು. ತಮ್ಮನಿಗೂ ಇವರಿಗೂ ಮಾತಿಲ್ಲವಂತೆ. ಬಿಚ್ಚಿ ಮತ್ತೆ ಕೂರಿಸಿದೆವು. ಎರಡನೆಯದು ಸರಿ ಬಂತು. ಡಾಕ್ಟರು ಈ ವಾರ ಇನ್ನೊಂದು ಕಳಿಸಿದ್ದಾರೆ.

ಪ್ಲಾಸ್ಟರಿನ ಮೂಲೆಯ ಬಗ್ಗೆ ಕೇಳಿದ್ದೀಯ. ಪೇಷಂಟು ಅಲುಗಿದ ಅಚ್ಚನ್ನು ನಾವು ಒಂದು ಗಳಿಗೆಯೂ ಇಟ್ಟುಕೊಳ್ಳುವುದಿಲ್ಲ, ಯಾಕೆಂದರೆ ಬಾಯಿ ಅಲ್ಲೇ ಇರುತ್ತದೆ, ಇನ್ನೊಂದು ಸಲ ತೆಗೆದರಾಯಿತು. ನಿನ್ನದು ಹಾಗಲ್ಲ. ನಾನಾಗಿದ್ದರೆ ಕತ್ತರಿಸುತ್ತಿರಲಿಲ್ಲ. ಆದರೆ ಅದರ ಚೀಟಿಯ ಮೇಲೆ, ಹಿಡಿದಿದ್ದವರ ಕೈ ಅಲುಗಿದೆ ಅಂತ ಬರೆದಿಡು. ಮುಂದೆ ಯಾವತ್ತಾದರೂ ನೋಡುವವರು ಚಿಪ್ಪೇ ಹಾಗಿತ್ತು ಅಂದುಕೊಳ್ಳಬಾರದು.

ಆಂಟಿ